ಎದುರು ಕುರ್ಚಿ

"ನೀವು ಎಡಗೈಯವರಾ?" ಎಂದು ಹೆಣಿಗೆ ಟೀಚರು ಕೇಳಿದಾಗ ಅವನು ತನ್ನ ಕೈಗಳನ್ನೇ ನೋಡಿಕೊಂಡ. ಮನಸ್ಸಿನಲ್ಲೇ ಒಂದು ಸಹಿ ಮಾಡಿ ನೋಡಿದ. ಬಲಗೈ.

"ಅಲ್ಲ."

"ಮತ್ತೆ ಇದೇನು? ಎಲ್ಲಾ ಉಲ್ಟಾ ಹೆಣೆದಿದೀರಲ್ಲ."

ಅವನು ಹೆಣೆಯುತ್ತಿದ್ದದ್ದು ಪಾತ್ರೆ ಒರೆಸುವ ಪುಟ್ಟ ಬಟ್ಟೆ. ಟೀಚರ ಸಿದ್ಧಾಂತ ಸರಳ: ಸ್ವೆಟರಿನ ಕನಸು ಕಾಣಬೇಡಿ, ಸಣ್ಣದನ್ನು ಹಿಡಿಯಿರಿ, ಮುಗಿಸಿ, ಆಮೇಲೆ ಅದಕ್ಕಿಂತ ತುಸು ದೊಡ್ಡದು. ಲೋಟದ ಕೆಳಗಿಡುವ ಚೌಕವನ್ನು ಅವನು ಮುಗಿಸಿದ್ದ. ಚೌಕಕ್ಕೆ ಎಡವೇನು, ಬಲವೇನು, ಯಾರಿಗೂ ಗೊತ್ತಾಗಿರಲಿಲ್ಲ. ಈಗ ಬಟ್ಟೆಯ ನಡುವೆ ಒಂದು ಕುಣಿಕೆ ಕಡ್ಡಿಯಿಂದ ಜಾರಿ ಸಾಲು ಸಾಲಾಗಿ ಕೆಳಗಿಳಿಯುತ್ತಿತ್ತು. ಸರಿಮಾಡಿಕೊಡಿ ಎಂದು ಕೊಟ್ಟಿದ್ದ. ಟೀಚರು ಕಡ್ಡಿ ತೂರಿಸಿದರು, ತೆಗೆದರು, ಮತ್ತೆ ತೂರಿಸಿದರು. ಕುಣಿಕೆಗಳೆಲ್ಲ ಅವರಿಗೆ ಬೆನ್ನು ಹಾಕಿ ಕೂತಿದ್ದವು.

ಗುಟ್ಟು ಒಡೆದವಳು ಜೊತೆಗೆ ಕಲಿಯಲು ಬರುತ್ತಿದ್ದ ನರ್ಸಮ್ಮ. ಮಿಕ್ಕವರೆಲ್ಲ ಟೀಚರ ಅಕ್ಕಪಕ್ಕ ಕೂತು ಕಲಿತಿದ್ದರು. ಇವನೊಬ್ಬ ಮೊದಲಿನಿಂದಲೂ ಎದುರು ಕುರ್ಚಿ ಹಿಡಿದವನು.

"ಮೇಷ್ಟ್ರು ಕನ್ನಡಿ ನೋಡ್ದಂಗೆ ಕಲ್ತಿದಾರೆ ಟೀಚರ್. ನಿಮ್ಮ ಬಲಗೈ ಇವರ ಎಡಗೈ ಆಗೋಗಿದೆ."

ಎಲ್ಲರೂ ನಕ್ಕರು. ಅವನೂ ನಕ್ಕ. ತಾನು ನಕ್ಕ ನಗು ಕೊನೆಯ ಸಣ್ಣ ಬಿಕ್ಕಳಿಕೆಯ ಸಮೇತ ನರ್ಸಮ್ಮನದೇ ಎಂಬುದು ಅವನಿಗೆ ತಡವಾಗಿ ತಿಳಿಯಿತು.

ಎದುರು ಕುರ್ಚಿ ಅವನ ಹಳೆಯ ಚಾಳಿ. ಕಾಲೇಜಿನ ಮೀಟಿಂಗಿನಲ್ಲಿ ಪ್ರಿನ್ಸಿಪಾಲರ ಎದುರಿಗೇ ಕೂರುತ್ತಿದ್ದ. ಅವರ ಕೆಮ್ಮು, ಕನ್ನಡಕ ಒರೆಸುವ ಗತ್ತು ಸಂಜೆಯೊಳಗೆ ಸ್ಟಾಫ್‌ರೂಮಿನಲ್ಲಿ ಹಾಜರ್. ಹೆಂಡತಿ ಅವನನ್ನು ಮೆಚ್ಚಿದ್ದೂ ಹಾಗೆಯೇ. ಹೆಣ್ಣು ನೋಡಲು ಹೋದಾಗ ಮಾವನವರು ಅತ್ತ ಹೋದದ್ದೇ ತಡ, ಮಾವನವರಾಗಿ ಮಾತಾಡಿದ್ದ. ಅವಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಿದ್ದಳು.

ಇವತ್ತು ಬೆಳಿಗ್ಗೆ ನಗಲಿಲ್ಲ. ಅವಳಿಗೆ ದೂರದ ಊರಿಗೆ ಬಡ್ತಿಯಾಗಿತ್ತು. ನಾಳೆ ಹೊರಡಬೇಕು, ಇಲ್ಲವೇ ಬೇಡವೆಂದು ಬರೆದುಕೊಡಬೇಕು. ಏನು ಮಾಡಲಿ ಎಂದು ಅವಳು ಕೇಳಿದ್ದಕ್ಕೆ ಅವನು ಅವಳ ಮೇಲಧಿಕಾರಿಯ ಗೊಗ್ಗರು ದನಿಯಲ್ಲಿ, ಅರ್ಜಿ ಪರಿಶೀಲನೆಯಲ್ಲಿದೆ ಎಂದಿದ್ದ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿದ್ದಳು: "ಸಂಜೆ ಹೇಳ್ಬಿಡಿ. ಹೋಗ್ಲಾ, ಇರ್ಲಾ. ನೀವು ಹೇಳಿ. ಇನ್ಯಾರೂ ಬೇಡ."

"ಬಿಚ್ಚಿಬಿಡಿ," ಎಂದರು ಟೀಚರು, ಬಟ್ಟೆಯನ್ನು ಅವನ ಮಡಿಲಿಗಿಡುತ್ತ. "ಇಲ್ಲಿ ಪಕ್ಕಕ್ಕೆ ಬನ್ನಿ. ಮೊದಲಿಂದ ಶುರುಮಾಡೋಣ."

ನಾಳೆ ಬರುತ್ತೇನೆ ಎಂದು ಎದ್ದ. ಕೈಗೊಂದು ಕೆಲಸ ಕೊಟ್ಟರೆ ಎದೆಬಡಿತ ತಗ್ಗುತ್ತದೆ ಎಂದು ಅವನನ್ನು ಇಲ್ಲಿಗೆ ಕಳಿಸಿದ್ದವರು ಡಾಕ್ಟರು. ಮೆಟ್ಟಿಲಿಳಿಯುವಾಗ ಎದೆ ಡಾಕ್ಟರ ಮಾತು ಕೇಳುತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಭ್ಯಾಸ ಮಾಡಿದ. ಹೇಳಬೇಕಾದದ್ದು 'ಇರು'. ಎರಡೇ ಅಕ್ಷರ, ಆರಂಭಿಕರಿಗೆ ಹೇಳಿಮಾಡಿಸಿದ್ದು. ಮೆಲ್ಲಗೆ ಅಂದು ನೋಡಿದ. ಪ್ರಿನ್ಸಿಪಾಲರು ಅಪ್ಪಣೆ ಕೊಡಿಸಿದರು. ಮತ್ತೆ ಅಂದ. ಮಾವನವರು ಗದರಿದರು. ಇನ್ನೊಮ್ಮೆ ಅಂದಾಗ ಕಂಡಕ್ಟರು ಯಾರನ್ನೋ ಫುಟ್‌ಬೋರ್ಡಿನ ಮೇಲೆ ತಡೆದ ಹಾಗಾಯಿತು. ಇವರೆಲ್ಲ ಇಳಿದುಹೋದ ಮೇಲೆ ಒಳಗೆ ಯಾರಾದರೂ ಉಳಿದಿರಬೇಕಲ್ಲ ಎಂದು ಕಾದ. ಸ್ಟಾಪು ಬಂತು.

ಹೆಂಡತಿ ಸೂಟ್‌ಕೇಸ್ ಮಂಚದ ಮೇಲೆ ತೆರೆದಿಟ್ಟುಕೊಂಡಿದ್ದಳು. ಅರ್ಧ ತುಂಬಿತ್ತು. ಅರ್ಧ ಮಾತ್ರ ಎಂಬುದನ್ನು ಅವನು ಗಮನಿಸಿದ. ಒಗೆದ ಚಾದರದ ಒಂದು ಅಂಚನ್ನು ಅವಳು ಅವನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಕೋಣೆಯ ಆ ಬದಿಗೆ ಹೋದಳು.

ಅವಳು ಕೈ ಎತ್ತಿದಳು, ಅವನೂ ಎತ್ತಿದ. ಅವಳು ಜಾಡಿಸಿದಳು, ಅವನೂ ಜಾಡಿಸಿದ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅಂಚಿಗೆ ಅಂಚು ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಇಷ್ಟು ಅಚ್ಚುಕಟ್ಟಾಗಿ ಅವರಿಬ್ಬರು ಬೇರೆ ಯಾವ ಕೆಲಸವನ್ನೂ ಮಾಡಿದವರಲ್ಲ. ಮಡಿಕೆ ಮಡಿಕೆಗೂ ಹತ್ತಿರವಾದರು. ಕೊನೆಯದರಲ್ಲಿ ಬೆರಳಿಗೆ ಬೆರಳು ತಾಗಿತು.

"ಹೇಳಿ," ಎಂದಳು.

"ಹೇಳಿ," ಎಂದ.

ಅಣಕಿಸಬೇಕೆಂದಿರಲಿಲ್ಲ. ಆದರೂ ಅದು ಅವಳ ದನಿಯೇ ಆಗಿತ್ತು. ಅದರೊಳಗಿನ ದಣಿವು ಕೂಡ ಚೂರೂ ಬಿಟ್ಟುಹೋಗಿರಲಿಲ್ಲ. ಅವಳು ತನ್ನನ್ನೇ ಕೇಳಿಸಿಕೊಂಡವಳ ಹಾಗೆ ಅವನ ಬಾಯನ್ನೇ ನೋಡಿದಳು. ಆಮೇಲೆ ಅವನ ಬೆರಳುಗಳಿಂದ ಚಾದರ ಬಿಡಿಸಿಕೊಂಡು ಸೂಟ್‌ಕೇಸಿನಲ್ಲಿಟ್ಟು, ಮುಚ್ಚಳದ ಮೇಲೆ ಎರಡೂ ಅಂಗೈ ಊರಿ ಒತ್ತಿದಳು.

ಮಂಚದ ಈಚೆ ಅವನ ಎರಡೂ ಅಂಗೈಗಳು ಗಾಳಿಯನ್ನು ಒತ್ತುತ್ತಿದ್ದವು.