ಮುಂದಿನ ಬ್ರೇಕಿಗೆ ಸುತ್ತಿದ ಹಳದಿ ಬಟ್ಟೆ

ನನಗೆ ಬೈಕಿನ ಭಯವಿಲ್ಲ. ನಿನ್ನೆ ಡೈರಿಯಲ್ಲಿ ಹೀಗೆ ಬರೆದು ಸುಮ್ಮನೆ ಕೂತಿದ್ದೆ. ಆಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಭಯವಿರುವುದು ಮಾವನಿಗೆ ‘ಬೇಡ’ ಅನ್ನುವುದಕ್ಕೆ.

ನನಗೊಂದು ಕೆಲಸ ಸಿಕ್ಕಿದೆ. ಕುಡಿಯುವ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ. ಸುತ್ತಲಿನ ಬಾವಿ, ಟ್ಯಾಂಕುಗಳಿಗೆ ಹೋಗಿ ಬಾಟಲಿಯಲ್ಲಿ ನೀರು ತುಂಬಿಕೊಂಡು ಬರಬೇಕು. ಅದಕ್ಕೆ ಬೈಕ್ ಓಡಿಸಲು ಬರಬೇಕು. ಸುದ್ದಿ ಕೇಳಿದ್ದೇ ತಡ, ಅಮ್ಮನ ತಮ್ಮ, ನಮ್ಮ ಸೋದರಮಾವ, “ನಾನಿಲ್ವಾ?” ಅಂದರು.

ಬೀದಿಗೆಲ್ಲ ಅವರು ಗೇರ್ ಮಾವ. ಕೊರಿಯರ್ ಹಂಚಿ ಹಂಚಿ ತಲೆ ನರೆಸಿಕೊಂಡವರು, ಒಂದು ದಿನವೂ ಬಿದ್ದವರಲ್ಲ. ಮರದ ಮಿಲ್ಲಿನ ಹಿಂದಿನ ಖಾಲಿ ಜಾಗದಲ್ಲಿ ಬೀದಿಯ ಅರ್ಧ ಜನಕ್ಕೆ ಬೈಕ್ ಹೇಳಿಕೊಟ್ಟಿದ್ದಾರೆ, ಅದೂ ಪುಕ್ಕಟೆಯಾಗಿ, ಪ್ರೀತಿಗೆ. ಅದಕ್ಕೇ ಅವರಿಗೆ ಬೇಡ ಅನ್ನುವುದು ಕಷ್ಟ.

ಅವರದೇ ಒಂದು ಪದ್ಧತಿಯಿದೆ. ಕಲಿಯುವವರ ಬೈಕಿನಲ್ಲಿ ಮುಂದಿನ ಬ್ರೇಕಿನ ಹಿಡಿಗೆ ಹಳದಿ ಬಟ್ಟೆಯ ಪಟ್ಟಿ ಸುತ್ತುತ್ತಾರೆ. “ಬೆರಳಿಗೆ ಬಟ್ಟೆ ತಾಗ್ತಾ? ಕೈ ತೆಗಿ. ಅದನ್ನ ಹಿಡಿದ್ರೆ ತಲೆಕೆಳಗಾಗಿ ಹೋಗ್ತೀಯ. ಕಾಲಿನ ಬ್ರೇಕ್ ಒಂದಿದ್ರೆ ಸಾಕು.” ಆ ಪಟ್ಟಿಗಳನ್ನು ಅವರಿಗೆ ಹೊಲಿದುಕೊಡುತ್ತಿದ್ದವಳು ನಮ್ಮಕ್ಕ. ಅವಳು ಟೈಲರ್.

ಅಕ್ಕ ಕಲಿತದ್ದೂ ಮಾವನ ಹತ್ತಿರವೇ. ಕಲಿತ ಮೇಲೂ ಅವಳು ಆ ಪಟ್ಟಿ ಬಿಚ್ಚಲಿಲ್ಲ. ಹೋದ ವರ್ಷ ಅವಳು ನೇರ ರಸ್ತೆಯಲ್ಲಿ ಬರುತ್ತಿದ್ದಾಗ ರಸ್ತೆ ಪಕ್ಕದ ಗೇಟಿನೊಳಗಿಂದ ಒಂದು ಲಾರಿ ಹಿಂದಕ್ಕೆ ಬಂತು. ಅಕ್ಕ ಇದ್ದಬದ್ದ ಬಲವನ್ನೆಲ್ಲ ಹಾಕಿ ಕಾಲಿನ ಬ್ರೇಕು ತುಳಿದಳು. ಹಿಂದಿನ ಚಕ್ರ ಸುತ್ತುವುದು ನಿಂತು ಅಡ್ಡಕ್ಕೆ ಜಾರಿತು. ಬೈಕು ಅವಳ ಬಲಗಾಲಿನ ಮೇಲೆ ಬಿತ್ತು.

ಮನೆಗೆ ತಂದು ನಿಲ್ಲಿಸಿದ ಬೈಕನ್ನು ನಾನು ಸುತ್ತ ತಿರುಗಿ ನೋಡಿದ್ದೆ. ದೀಪ ಒಡೆದಿತ್ತು, ಕನ್ನಡಿ ಪುಡಿಯಾಗಿತ್ತು. ಬ್ರೇಕಿನ ಮೇಲಿನ ಪಟ್ಟಿಯಲ್ಲಿ ಮಾತ್ರ ಬೆವರಿನ ಕಲೆ ಕೂಡ ಇರಲಿಲ್ಲ. ಅದನ್ನು ಯಾರೂ ಮುಟ್ಟಿಯೇ ಇರಲಿಲ್ಲ.

“ಗಾಬರಿ ಮಾಡ್ಕೊಂಡ್ಬಿಟ್ಲು, ಪಾಪ,” ಅಂದರು ಮಾವ. ಬೀದಿಯೂ ಅದನ್ನೇ ಅಂದಿತು. ಬರಬರುತ್ತ ಅಕ್ಕನೂ ಹಾಗೇ ಹೇಳತೊಡಗಿದಳು. ಈಗ ಅವಳು ಹೊಲಿಗೆ ಮೆಷಿನ್ನನ್ನು ಎಡಗಾಲಲ್ಲಿ ತುಳಿಯುತ್ತಾಳೆ. ಅದರ ಸದ್ದು ನಡುನಡುವೆ ಎಡವುತ್ತದೆ.

ಇವತ್ತು ಬೆಳಿಗ್ಗೆ ಮಾವ ಬಂದು ಬಾಗಿಲಲ್ಲಿ ಬೈಕ್ ನಿಲ್ಲಿಸಿದರು. ಹಳದಿ ಪಟ್ಟಿ ಸುತ್ತಿಯಾಗಿತ್ತು. ಮುಂದಿನ ಕೋಣೆಯಲ್ಲಿ ಅಕ್ಕ ಹೊಲಿಯುತ್ತಿದ್ದಳು. ಅವಳ ಶಾಲೆಯ ಗೆಳತಿ, ಬೈಕ್ ತರಬೇತಿ ಕೇಂದ್ರದಲ್ಲಿ ಕಲಿಸುವವಳು, ತನ್ನ ವಿದ್ಯಾರ್ಥಿಗಳ ಜಾಕೆಟ್‌ಗಳನ್ನು ಒಯ್ಯಲು ಬಂದು ಕೂತಿದ್ದಳು.

“ಪುಟ್ಟಿ, ಹೊರಡು. ಬಿಸಿಲೇರೋ ಮುಂಚೆ ನಾಲ್ಕು ಸುತ್ತು ಹಾಕಿಸ್ಬಿಡ್ತೀನಿ,” ಅಂದರು ಮಾವ.

ನಾನು ಚಪ್ಪಲಿ ಹುಡುಕುವವಳಂತೆ ಬಗ್ಗಿದೆ. ಚಪ್ಪಲಿ ಕಾಲಲ್ಲೇ ಇತ್ತು.

ಗೆಳತಿ ಕೇಳಿದಳು, “ಅಣ್ಣ, ತಪ್ಪು ತಿಳ್ಕೋಬೇಡಿ. ನಿಮಗೆ ಯಾರು ಹೇಳ್ಕೊಟ್ಟಿದ್ದು?”

“ಓಡಿಸೋದಾ? ರಸ್ತೆ ಹೇಳ್ಕೊಡ್ತು.”

“ಓಡಿಸೋದಲ್ಲ. ಕಲಿಸೋದು.”

ಮಾವ ಜೋರಾಗಿ ನಕ್ಕರು. “ಓಹೋ, ಇನ್ಮೇಲೆ ಬೈಕ್ ಹೇಳ್ಕೊಡೋಕೂ ಬಿ.ಎಡ್. ಮಾಡ್ಬೇಕೇನಮ್ಮ?”

“ಹೆಚ್ಚುಕಮ್ಮಿ ಹಾಗೇ ಅಣ್ಣ. ಕಲಿಸೋರಿಗೂ ಕೋರ್ಸು, ಪರೀಕ್ಷೆ ಇದೆ. ಮೊದಲನೇ ಸಲ ನಾನೇ ಫೇಲಾದೆ.”

“ನೀನಾ? ಅಷ್ಟು ಚೆಂದ ಓಡಿಸ್ತೀಯಲ್ಲ.”

“ಓಡಿಸೋದ್ರಲ್ಲಿ ಪಾಸು. ಆಮೇಲೆ ಒಬ್ಬ ಹೊಸಬಳನ್ನ ಕೂರಿಸಿ, ಇವಳಿಗೆ ಪಾಠ ಮಾಡು ಅಂದ್ರು. ನಾನು ಚಕಚಕ ಮಾಡಿ ತೋರಿಸ್ದೆ. ಅವಳು ತಪ್ಪು ಮಾಡಿದ್ಲು. ಯಾಕೆ ಮಾಡಿದ್ಲು ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಅವಳ ಕಣ್ಣು ಎಲ್ಲಿತ್ತು, ಕೈ ಏನು ಮಾಡ್ತಿತ್ತು ನಾನು ನೋಡೇ ಇರ್ಲಿಲ್ಲ. ಹೋಗಿ ಮತ್ತೆ ಕೋರ್ಸಿಗೆ ಕೂತ್ಕೊ ಅಂದ್ರು.”

ಒಳಗಿನಿಂದ ಅಮ್ಮ ಬಂದಳು. “ಅಷ್ಟೊಂದು ಏನಿರತ್ತಮ್ಮ ಆ ಕೋರ್ಸಲ್ಲಿ?”

“ಮೊದಲು ಮೈದಾನದಲ್ಲಿ ಕಲಿಸ್ಬೇಕು, ಅಲ್ಲಿ ಕೈ ಪಳಗಿದ ಮೇಲೇ ರಸ್ತೆ. ಕಲಿಸೋರು ಒಬ್ಬರಿಗೆ ಇಷ್ಟೇ ಜನ ವಿದ್ಯಾರ್ಥಿಗಳು ಅಂತ ಮಿತಿ ಇರತ್ತೆ. ಯಾರಾದ್ರೂ ಬಿದ್ರೆ ಪ್ರಥಮ ಚಿಕಿತ್ಸೆ ಮಾಡೋಕೆ ಬರ್ಬೇಕು. ಎರಡೂ ಬ್ರೇಕ್ ಹಿಡಿದು ನಿಲ್ಲಿಸೋದನ್ನ ಮತ್ತೆ ಮತ್ತೆ ಮಾಡಿಸ್ಬೇಕು. ಇದೆಲ್ಲ ಬರತ್ತೆ ಅಂತ ಪರೀಕ್ಷೇಲಿ ತೋರಿಸಿದ ಮೇಲೇ ಸರ್ಟಿಫಿಕೇಟ್. ಅದೂ ಜೀವಮಾನಕ್ಕಲ್ಲ. ಆಗಾಗ ನಮ್ಮನ್ನೇ ಮತ್ತೆ ಪರೀಕ್ಷೆಗೆ ಕೂರಿಸಿ ನೋಡ್ತಾರೆ.”

“ಎರಡೂ ಬ್ರೇಕಾ?” ಮಾವನ ಹುಬ್ಬು ಮೇಲೇರಿತು. “ಮುಂದಿನದು ಹಿಡಿದ್ರೆ ಕಥೆ ಮುಗೀತು.”

“ಗಬಕ್ಕಂತ ಹಿಡಿದ್ರೆ ಬೀಳ್ತೀವಿ, ನಿಜ. ಗಾಡಿ ನೆಟ್ಟಗಿರುವಾಗ, ಹಣ್ಣು ಹಿಂಡೋ ಹಾಗೆ ಮೆಲ್ಲಗೆ ಬಿಗಿ ಮಾಡ್ತಾ ಹೋಗ್ಬೇಕು. ಗಾಡಿ ನಿಲ್ಲಿಸೋ ಶಕ್ತಿ ಹೆಚ್ಚಾಗಿ ಇರೋದು ಅದ್ರಲ್ಲೇ ಅಣ್ಣ. ಬ್ರೇಕ್ ಹಾಕ್ದಾಗ ಭಾರ ಮುಂದಕ್ಕೆ ಬರತ್ತೆ, ಹಿಂದಿನ ಚಕ್ರ ಹಗುರಾಗತ್ತೆ. ಹಿಂದಿನ ಬ್ರೇಕೊಂದನ್ನೇ ಜೋರಾಗಿ ತುಳಿದ್ರೆ ಆ ಚಕ್ರ ಜಾರತ್ತೆ.”

ಮೆಷಿನ್ನಿನ ಸದ್ದು ನಿಂತಿತು. ಅಕ್ಕ ತಲೆಯೆತ್ತಲಿಲ್ಲ.

ಯಾರೂ ಅಕ್ಕನ ಹೆಸರೆತ್ತಿರಲಿಲ್ಲ. ಆದರೂ ಮಾವ, “ಇವಳ ವಿಷ್ಯ ಬೇರೆ,” ಅಂದರು. “ಇವಳು ಬಿದ್ದಿದ್ದು ಗಾಬರಿಗೆ.”

“ಹೌದು, ನಾನೇ ಗಾಬರಿ ಮಾಡ್ಕೊಂಡೆ,” ಅಂದಳು ಅಕ್ಕ, ಕೈಯಲ್ಲಿದ್ದ ಬಟ್ಟೆಗೆ ಹೇಳುವಂತೆ.

ನಾನು ಹೋಗಿ ಅಕ್ಕನ ಮೆಷಿನ್ನಿನ ಪಕ್ಕ ನಿಂತೆ.

“ಇಲ್ಲ ಮಾವ. ಅಕ್ಕ ಗಾಬರಿ ಮಾಡ್ಕೊಳ್ಲಿಲ್ಲ. ನೀವು ಹೇಳಿಕೊಟ್ಟ ಹಾಗೇ ಮಾಡಿದ್ಲು.”

ಅಮ್ಮ ನನ್ನನ್ನು ನೋಡಿದಳು, ಗದರಲಿಲ್ಲ. ಅಕ್ಕನ ಕಣ್ಣು ತುಂಬಿ ಬಂದಿತ್ತು. ಮಾವ ಎದ್ದು ಹೊರಗೆ ಹೋದರು. ಕೋಪ ಮಾಡಿಕೊಂಡು ಹೊರಟೇಬಿಟ್ಟರು ಅಂದುಕೊಂಡೆ. ಬೈಕಿನ ಸದ್ದು ಕೇಳಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ, ಪಟ್ಟಿ ಬಿಚ್ಚುತ್ತ ನಿಂತಿದ್ದರು. ಗಂಟು ಅವರ ಕೈಗೆ ಸಿಗುತ್ತಿರಲಿಲ್ಲ.

ಒಳಗೆ ಬಂದು ಪಟ್ಟಿಯನ್ನು ಮೆಷಿನ್ನಿನ ಮೇಲಿಟ್ಟರು. ಅಕ್ಕನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಗೆಳತಿಯ ಕಡೆ ತಿರುಗಿದರು. “ಪುಟ್ಟಿನ ನಿಮ್ಮಲ್ಲಿಗೇ ಸೇರಿಸ್ಕೊಳಮ್ಮ. ಆ ಕಲಿಸೋರ ಕೋರ್ಸಿಗೆ ನನ್ನಂಥ ಮುದುಕನ್ನ ತಗೋತಾರಾ?”

“ಬನ್ನಿ ಅಣ್ಣ. ಫೇಲಾದ್ರೆ ನಾನು ನಗಲ್ಲ.”

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರೋ ಬೈಕ್ ಕಲಿಯಲು ಹೊರಟಿರಬಹುದು. ಹೇಳಿಕೊಡುವವರು ಚೆನ್ನಾಗಿ ಓಡಿಸುತ್ತಾರಾ ಎಂದಷ್ಟೇ ನೋಡಬೇಡಿ. ಕಲಿಸುವುದನ್ನು ಎಲ್ಲಿ ಕಲಿತರು, ಪರೀಕ್ಷೆ ಪಾಸಾಗಿದ್ದಾರಾ, ಕೇಳಿ. ಸರ್ಟಿಫಿಕೇಟ್ ನೋಡಿ. ಮೈದಾನದಲ್ಲಿ ಪಳಗಿಸದೆ ರಸ್ತೆಗೆ ಇಳಿಸುವವರ ಹಿಂದೆ ಮಕ್ಕಳನ್ನು ಕಳಿಸಬೇಡಿ. ಅವರು ನಿಮ್ಮ ಸ್ವಂತ ಮಾವನೇ ಆಗಿರಲಿ, ಕೇಳಲು ಸಂಕೋಚ ಪಡಬೇಡಿ. ನಮ್ಮ ಮನೆಯಲ್ಲಿ ಎಲ್ಲರೂ ಸಂಕೋಚ ಪಟ್ಟೆವು.

ಮುಂದಿನ ಕೋಣೆಯಲ್ಲಿ ಮತ್ತೆ ಮೆಷಿನ್ ಶುರುವಾಗಿದೆ. ಅಕ್ಕ ಈಗಲೂ ಎಡಗಾಲಲ್ಲೇ ತುಳಿಯುತ್ತಿದ್ದಾಳೆ.