ನಂಬರ್ ಪ್ಲೇಟಿನ ಹಿಂದೆ

ಉಕ್ಕಿನ ಹಗ್ಗವನ್ನು ಬೀದಿಯುದ್ದಕ್ಕೂ ಎಳೆದುಕೊಂಡು ಹೋಗಿ, ಅದರ ಕೊಕ್ಕೆಯನ್ನು ಬೇವಿನ ಮರಕ್ಕೆ ಸುತ್ತಿದ ಪಟ್ಟಿಗೆ ಸಿಕ್ಕಿಸುವಾಗ ಪದ್ಮಿನಿಯ ಅಂಗೈ ತರಚಿತು. ಗಂಡನ ಗ್ಲೌಸು ಸೀಟಿನ ಕೆಳಗಿತ್ತು. ತಂದು ಹಾಕಿಕೊಂಡಳು. ಅವಳ ಕೈಗೆ ಅದು ದೊಡ್ಡದು.

ತಿಥಿ ಮುಗಿಸಿದ ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೇ ಹೊರಟುಹೋಗಿದ್ದರು. ಕೌದಳ್ಳಿಯ ಆ ಬೀದಿಗೆ ಮತ್ತೆ ಎಂದಿನಂಥ ಬೆಳಗು ಬಂದಿತ್ತು. ಡೈರಿಗೆ ಹಾಲು ಹೊತ್ತವರು, ನಲ್ಲಿಗೆ ಬಿಂದಿಗೆ ಇಟ್ಟವರು, ಬೆಟ್ಟಕ್ಕೆ ಹೋಗುವ ಬಸ್ಸಿನ ಹಾರ್ನು. ಮನೆಯ ಮುಂದೆ ಗಂಡ ದೇವರಾಜುವಿನ ಹಳೆಯ ಪಿಕಪ್ ಗಾಡಿ, ಅವನನ್ನು ಮಣ್ಣು ಮಾಡಿದ ದಿನದ ಕೆಸರನ್ನೇ ಹೊದ್ದು ನಿಂತಿತ್ತು. ಅದರ ಮುಂದಿನ ನಂಬರ್ ಪ್ಲೇಟು ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೆ ತೆರೆದಿತ್ತು. ಹಗ್ಗ ಬಂದಿದ್ದು ಅದರೊಳಗಿಂದ.

ಅತ್ತೆ ದೊಡ್ಡಮಾದಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು.

"ಬೆಳಗೆದ್ದು ಗಾಡಿಗೆ ಮೂಗುದಾರ ಆಕ್ತಿದ್ದೀಯಲ್ಲವ್ವ."

"ಅವತ್ತು ಅವಸರದಲ್ಲಿ ಹೇಗೆಂದರೆ ಹಾಗೆ ಸುತ್ತಿಕೊಂಡಿದೆ ಅತ್ತೆ. ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಬೇಕು. ಇಲ್ಲದಿದ್ದರೆ ಮುಂದಿನ ಸಲ ಕೈ ಕೊಡುತ್ತೆ."

"ಮುಂದ್ಲ ಸಲ ಅಂತೀಯ. ಅಂಗಾರೆ ಗಾಡಿ ಮಾರಾಕಿಲ್ಲ?"

"ಇಲ್ಲ."

ದೊಡ್ಡಮಾದಮ್ಮ ಒಳಗೆ ಹೋಗಿ ಒಲೆ ಹಚ್ಚಿದಳು. ಪದ್ಮಿನಿ ಸ್ವಿಚ್ಚು ಒತ್ತಿದಳು. ಹಗ್ಗ ಬಿಗಿಯಿತು. ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುತ್ತ, ಗರ್ಭಿಣಿ ಹಸುವಿನಂತೆ ಮೆಲ್ಲಗೆ ಮರದ ಕಡೆ ನಡೆಯಿತು. ನಲ್ಲಿಯ ಹತ್ತಿರದಿಂದ ರತ್ನ ಕೂಗಿದಳು: "ಪದ್ಮಿನಕ್ಕ, ನಮ್ಮ ಇತ್ಲಲ್ಲಿ ಒಂದು ಉಣಸೆ ಬೊಡ್ಡೆ ಅದೆ, ಕಿತ್ಕೊಡೀಯಾ?"

"ನಾಳೆ ಬರ್ತೀನಿ."

ಇದೇ ರತ್ನ, ಇದೇ ಬೀದಿ, ಮೊನ್ನೆ ಮೊನ್ನೆಯವರೆಗೂ ಈ ಗಾಡಿ ಕಂಡರೆ ದನಿ ತಗ್ಗಿಸುತ್ತಿತ್ತು.

* * *

ದೇವರಾಜು ಆ ವಿಂಚನ್ನು ತಂದದ್ದು ಕೊಳ್ಳೇಗಾಲದ ಗುಜರಿಯಿಂದ. ಹಿಂದೆ ಯಾವುದೋ ಜೀಪಿನ ಮೂತಿಯಲ್ಲಿದ್ದದ್ದು. ಒಂದು ಉರುಳೆ, ಅದಕ್ಕೆ ಸುತ್ತಿದ ಹಗ್ಗ, ಬ್ಯಾಟರಿಯಿಂದ ತಿರುಗುವ ಮೋಟಾರು. ಕೊಕ್ಕೆಯನ್ನು ಗಟ್ಟಿ ಮರಕ್ಕೆ ಸಿಕ್ಕಿಸಿ ಸ್ವಿಚ್ಚು ಒತ್ತಿದರೆ ಕೆಸರಲ್ಲಿ ಹೂತ ಗಾಡಿ ತಾನೇ ಮೇಲೆ ಬರಬೇಕು. ಹಿಂದಿನ ಮಳೆಗಾಲದಲ್ಲಿ ರೇಷ್ಮೆಗೂಡು ತುಂಬಿಕೊಂಡು ಹಳ್ಳದಲ್ಲಿ ಸಿಕ್ಕಿಬಿದ್ದಿದ್ದ. ಎಳೆಯಲು ಟ್ರ್ಯಾಕ್ಟರ್ ಬರುವ ಹೊತ್ತಿಗೆ ಯಾರದೋ ಬೆಳೆಯೆಲ್ಲ ನೆನೆದು ಹಾಳಾಗಿತ್ತು. ಅಂದಿನಿಂದ ಅವನಿಗೆ ಇದೇ ಗ್ಯಾನ.

"ಬಂಪರ್ ಮ್ಯಾಲೇ ಕೂರ್ಸ್ಲಾ, ಗತ್ತಾಗಿರ್ತದೆ," ಎಂದ ಗೆಳೆಯ ಗಣೇಶ್.

"ಬ್ಯಾಡ ಕಣ್ಲಾ. ಗುಜರಿ ಮಾಲು. ಕೆಲ್ಸ ಮಾಡ್ದೆ ಓದ್ರೆ ಊರೆಲ್ಲ ನಗ್ತದೆ. ಒಳಗಿರ್ಲಿ. ಮಾಡಿದ್ ದಿನ ತೋರ್ಸಮ."

ಆ ಗಾಡಿಯ ಮುಖವೂ ಅವನಿಗೆ ಇಷ್ಟ. ಎರಡು ದುಂಡು ದೀಪ, ನಡುವೆ ಸೊಟ್ಟ ನಗು. ಅದನ್ನು ಕೆಡಿಸಲು ಮನಸ್ಸಿಲ್ಲ. ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಬಂಪರ್ ಬಿಚ್ಚಿದ. ಚಾಸಿಯ ಎರಡು ತುದಿಗಳ ನಡುವೆ ದಪ್ಪ ಕಬ್ಬಿಣದ ಹಲಗೆ ಬಿಗಿದು, ಅದರ ಮೇಲೆ ವಿಂಚನ್ನು ಕೂರಿಸಿದ. ಅಡ್ಡ ಬಂದ ಹಾರ್ನನ್ನು ಕಿತ್ತು ಬೇರೆಡೆ ಕಟ್ಟಿದ. ಬಂಪರಿನ ಒಳಮೈಯನ್ನು ಕೊರೆದು, ಹೊರಮೈಯನ್ನು ಹಾಗೇ ಉಳಿಸಿ, ಮತ್ತೆ ಮೇಲೆ ತೊಡಿಸಿದ. ಹಗ್ಗ ಹೊರಬರಲು ನಂಬರ್ ಪ್ಲೇಟಿನ ಹಿಂದೆ ಒಂದು ಸೀಳು. ಪ್ಲೇಟಿಗೆ ಹಳೆಯ ಟ್ರಂಕಿನ ಕೀಲು. ಪದ್ಮಿನಿ ಪಕ್ಕದಲ್ಲಿ ಟಾರ್ಚು ಹಿಡಿದು ಕೂತಿದ್ದಳು.

ಅವನು ಹಗ್ಗವನ್ನು ಉರುಳೆಗೆ ಸುತ್ತಿದ್ದನ್ನು ನೋಡಿ ಅವಳು ನಕ್ಕಳು.

"ಯಾಕೆ?"

"ನಮ್ಮ ಮನೇಲಿ ಹೀಗೆ ಕಂಡಿಕೆ ಸುತ್ತಿದ್ರೆ ಅಜ್ಜಿ ಬೆನ್ನಿಗೆ ಕೊಡ್ತಿದ್ರು."

ಅವಳದು ಕೊಳ್ಳೇಗಾಲದ ಮಗ್ಗದ ಮನೆ. ಲಾಳಿಯೊಳಗೆ ಕೂರುವ ಪುಟ್ಟ ಕಂಡಿಕೆಗೆ ರೇಷ್ಮೆ ಎಳೆ ಸುತ್ತುತ್ತಲೇ ಓದಿ ಬೆಳೆದವಳು. ಸಡಿಲ ಸುತ್ತಿದರೆ ಮೇಲಿನ ಎಳೆ ಕೆಳಗಿನ ಎಳೆಗಳ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ, ಜಗ್ಗಿದಾಗ ತುಂಡಾಗುತ್ತದೆ ಎಂದು ತೋರಿಸಿದಳು. ಬಿಗಿ ಹಿಡಿದು, ಒಂದರ ಪಕ್ಕ ಒಂದು ಕೂರಿಸಬೇಕು.

ದೇವರಾಜು ಸುತ್ತಿದ್ದನ್ನೆಲ್ಲ ಬಿಚ್ಚಿ ಹಾಕಿದ. "ಎಂ.ಎ. ಮಾಡ್ಕಂಡಿದ್ದು ಸಾರ್ಥಕ ಆಯ್ತು ಕಣೆ."

"ಇದನ್ನ ಮೈಸೂರಲ್ಲಿ ಹೇಳಿಕೊಡಲ್ಲ. ನಮ್ಮ ಜಗಲೀಲಿ ಹೇಳಿಕೊಡ್ತಾರೆ."

ವಿಂಚಿನ ಭಾರಕ್ಕೆ ಗಾಡಿಯ ಮೂತಿ ಸ್ವಲ್ಪ ತಗ್ಗಿತು. ಊರು ಅದನ್ನು ಗಮನಿಸಿತು. ಬಾಗಿಲು ಹಾಕಿದ ಕೊಟ್ಟಿಗೆಯನ್ನೂ ಗಮನಿಸಿತು. ಕಾಡಂಚಿನ ಊರಲ್ಲಿ ಬಚ್ಚಿಟ್ಟದ್ದು ಎಂದರೆ ಒಂದೇ ಅರ್ಥ: ಗಂಧದ ಮರ. ಟೀ ಅಂಗಡಿಯಲ್ಲಿ ಅವನು ಕೂತರೆ ಪಕ್ಕದವನು ಎದ್ದುಹೋಗತೊಡಗಿದ.

"ತೋರಿಸಿಬಿಡಿ, ಮಾತು ನಿಲ್ಲುತ್ತೆ," ಎಂದಳು ಪದ್ಮಿನಿ.

"ಮಳೆ ಬರ್ಲಿ. ಹಳ್ಳ ಕೆಸರಾಗ್ಲಿ. ಎಲ್ರ ಮುಂದೆ ತೋರಿಸ್ತೀನಿ."

ಮಳೆ ಬಂತು. ಅದು ಬಂದ ಬೆಳಗ್ಗೆಯೇ, ಗಾಡಿಗೆ ಟಾರ್ಪಾಲು ಬಿಗಿಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಹನೂರಿನ ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು.

* * *

ಹೆಣವನ್ನು ಟ್ರ್ಯಾಕ್ಟರಿನ ಟ್ರೈಲರಿಗೆ ಏರಿಸಿದ್ದರು. ಹೂವು, ಊದುಬತ್ತಿ, ಮಾದುವಿನ ತಮಟೆ. ಹೊಲದಲ್ಲಿ ಅವನಪ್ಪನ ಸಮಾಧಿಯ ಪಕ್ಕ ಗುಂಡಿ ತೆಗೆದಾಗಿತ್ತು. ಹೊಲ ಹಳ್ಳದ ಆಚೆಗೆ.

"ಪಿಕಪ್ಪು ಮುಂದೆ ಬರದು ಬ್ಯಾಡ," ಎಂದ ದೇವರಾಜುವಿನ ದೊಡ್ಡಪ್ಪ ಸುಬ್ಬಯ್ಯ. "ಇಂದುಕ್ಕಿರ್ಲಿ. ಅದ್ರೊಳಗೆ ಏನದೆ ಅಂತ ಊರಿಗೇ ಗೊತ್ತು. ಸತ್ತೋನ ಮ್ಯಾಲೆ ಇನ್ನೂ ಮಾತು ಬ್ಯಾಡ."

"ಏನು ಗೊತ್ತು?" ಎಂದಳು ಪದ್ಮಿನಿ. ಅಂದು ಅವಳ ಬಾಯಿಂದ ಬಂದ ಮೊದಲ ಮಾತು ಅದು. ಒಬ್ಬ ಬಂಪರನ್ನು ನೋಡಿ, ಬೇಗ ಕಣ್ಣು ತಿರುಗಿಸಿದ.

ದೊಡ್ಡಮಾದಮ್ಮ ಹೆಣದ ಕಾಲ ಬಳಿಯಿಂದ ಎದ್ದಳು. "ನನ್ನ ಮಗ ದುಡಿದ ಗಾಡಿ ಬಾವ. ಮುಂದೆ ಅದೇ ಓಯ್ತದೆ."

ಗಣೇಶ್ ಪಿಕಪ್ ನಡೆಸಿದ. ಹೆಂಗಸರು, ಉಪ್ಪಿನ ಮೂಟೆ, ಗುದ್ದಲಿ ಎಲ್ಲ ಅದರಲ್ಲಿ. ಹಳ್ಳದ ಕಲ್ಲುಹಾಸಿನ ಮೇಲೆ ನಿಧಾನಕ್ಕೆ ದಾಟಿ ಆಚೆ ದಡ ಸೇರಿತು. ಹಿಂದೆ ಬಂದ ಟ್ರ್ಯಾಕ್ಟರು ಒಂದು ಮಾರು ಎಡಕ್ಕೆ ಸರಿಯಿತು, ಅಷ್ಟೆ. ಯಾರೋ ಮರಳು ತೆಗೆದು ಬಿಟ್ಟಿದ್ದ ಗುಂಡಿಗೆ ಟ್ರೈಲರಿನ ಚಕ್ರ ಅಚ್ಚಿನವರೆಗೂ ಇಳಿಯಿತು. ಡ್ರೈವರು ಎಂಜಿನ್ ಕಿರುಚಿಸಿದಷ್ಟೂ ಇನ್ನೂ ಇಳಿಯಿತು. ಹೂವಿನ ಚಪ್ಪರ ವಾಲಿತು. ಹೊತ್ತು ದಾಟಿಸೋಣವೆಂದು ಟ್ರೈಲರಿನ ಸುತ್ತ ಇಳಿದ ಇಬ್ಬರು ತೊಡೆಮಟ್ಟ ಹೂತು, ಅವರನ್ನೇ ಎಳೆದು ತೆಗೆಯಬೇಕಾಯಿತು. ಬೆಟ್ಟದ ಮೇಲೆ ಮತ್ತೆ ಕಪ್ಪು ಕಟ್ಟುತ್ತಿತ್ತು.

ತಮಟೆ ನಿಂತಿತು.

"ಮನೆಗೆ ಇಂದುಕ್ ಓಗಂಗಿಲ್ಲ. ನೀರೇರೋಕ್ ಮುಂಚೆ ಅಲಗೆ ಆಕಿ ಇಳ್ಸ್ಕಂಡು, ಊರ್ಕಡೆ ದಡದಲ್ಲೇ ಮಣ್ಣು ಮಾಡ್ಬುಡಮ," ಎಂದ ಸುಬ್ಬಯ್ಯ ಹಳ್ಳದ ನಡುವಿನ ಕಲ್ಲಿನ ಮೇಲೆ ನಿಂತು.

"ಯಾರ್ದೋ ಜಮೀನಲ್ಲಿ, ದಿಕ್ಕಿಲ್ದೋನಂಗಾ?" ದೊಡ್ಡಮಾದಮ್ಮ ಕೂಗಿದಳು. "ಅವ್ರಪ್ಪನ ಪಕ್ಕ ಮಲಗ್ಬೇಕು ಅವನು!"

ಒಬ್ಬ ಮೆಲ್ಲಗೆ ಅಂದ: "ಮಾದಪ್ಪನ ಕಾಡಿನ್ ಸೊತ್ತು ಮುಟ್ಟಿದ್ರೆ ಇಂಗೇಯ."

ಅದು ಪದ್ಮಿನಿಗೆ ಕೇಳಿಸಿತು. ಅವಳು ಪಿಕಪ್ಪಿನಿಂದ ಇಳಿದಳು.

"ಗಣೇಶ್, ಗಾಡಿ ತಿರುಗಿಸಿ. ಹಳ್ಳಕ್ಕೆ ಮುಖ ಮಾಡಿ ನಿಲ್ಲಿಸಿ. ಚಕ್ರಕ್ಕೆ ಕಲ್ಲು ಕೊಡಿ, ಹಿಂದುಗಡೆ ಆ ಹೊಂಗೆ ಮರಕ್ಕೆ ಕಟ್ಟಿ."

ಗಣೇಶ್ ಅವಳನ್ನು ನೋಡಿದ. "ಅಕ್ಕ, ಒಂದ್ ಸಲನೂ ಎಳೆಸಿ ನೋಡಿಲ್ಲ ಅದನ್ನ."

"ಗೊತ್ತು."

ಅವಳು ಕೆಸರಲ್ಲಿ ಕುಕ್ಕರಗಾಲಲ್ಲಿ ಕೂತು ನಂಬರ್ ಪ್ಲೇಟಿನ ತಿರುಪು ಬಿಚ್ಚಿದಳು. ಮಂದಿ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿದರು. ಸುಬ್ಬಯ್ಯ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಪಿಕಪ್ಪಿದ್ದ ದಡಕ್ಕೇ ಬಂದ. ಪ್ಲೇಟು ಮೇಲೆದ್ದಿತು. ಒಳಗೆ ಕತ್ತಲು. ಅವಳು ಕೈ ಹಾಕಿ ಎಳೆದಾಗ ಬಂದದ್ದು ಒಂದು ಕೊಕ್ಕೆ, ಅದರ ಹಿಂದೆ ಹೊಳೆಯುವ ಹಗ್ಗ.

"ಏನವ್ವ ಇದು?"

"ಇದೇ ನಿಮ್ಮ ಗಂಧದ ತುಂಡು, ದೊಡ್ಡಮಾವ."

ಗಣೇಶ್ ಕೊಕ್ಕೆ ಹಿಡಿದು ಕಲ್ಲುಹಾಸಿನ ಮೇಲೆ ನಡೆದು, ಟ್ರ್ಯಾಕ್ಟರಿನ ಮೂತಿಗೆ ಸಿಕ್ಕಿಸಿ ಬಂದ.

"ಎಲ್ಲ ದೂರ ನಿಲ್ಲಿ," ಎಂದಳು ಪದ್ಮಿನಿ. "ಹಗ್ಗ ಹರಿದರೆ ಚಾವಟಿ ಥರ ಬಡಿಯುತ್ತೆ. ಅದರ ಮೇಲೆ ಭಾರದ್ದು ಏನಾದರೂ ಹಾಕಬೇಕು. ನಿಮ್ಮ ಕಂಬಳಿ ಕೊಡಿ ದೊಡ್ಡಮಾವ."

ಸುಬ್ಬಯ್ಯ ಹೆಗಲಿನ ಕಂಬಳಿ ತೆಗೆದು ತಾನೇ ಹಗ್ಗದ ಮೇಲೆ ಹರವಿದ.

ಅವಳು ಸ್ವಿಚ್ಚು ಒತ್ತಿದಳು.

ಮೊದಲು ಬರೀ ನರಳಾಟ. ಪಿಕಪ್ಪಿನ ಮೂತಿ ನೆಲಕ್ಕೆ ಕುಸಿಯಿತು, ಚಕ್ರದ ಕೆಳಗಿನ ಕಲ್ಲು ಪುಡಿಯಾಯಿತು. ಹಗ್ಗದಿಂದ ನೀರು ಹಿಂಡಿ ಹನಿಯಿತು. ಎಳೆ ಎಳೆಗೆ ಕಚ್ಚಲಿಲ್ಲ. "ಈಗ ಎಂಜಿನ್ ಕೊಡ್ಲಾ!" ಎಂದು ಗಣೇಶ್ ಟ್ರ್ಯಾಕ್ಟರಿನವನಿಗೆ ಕೂಗಿದ. ಹಳ್ಳ ಏನನ್ನೋ ಚಪ್ಪರಿಸಿದಂತೆ ಸದ್ದಾಯಿತು. ಟ್ರೈಲರಿನ ಚಕ್ರ ಒಂದು ಗೇಣು ಎದ್ದಿತು. ನಿಂತಿತು. ಮತ್ತೊಂದು ಗೇಣು. ಆಮೇಲೆ ದೇವರಾಜು ತನ್ನ ಹೂವಿನ ಚಪ್ಪರದ ಸಮೇತ, ಕೆಸರು ಸುರಿಸುತ್ತ, ತನ್ನದೇ ಗಾಡಿಯ ಎಳೆತಕ್ಕೆ ದಡ ಹತ್ತಿ ಬಂದ.

ಆಗಲೇ ಮಾದು ತಪ್ಪು ಮಾಡಿದ್ದು. ಅವನ ಕೈ ತಾನಾಗಿ ತಮಟೆಗೆ ಬಿತ್ತು. ಬಿದ್ದದ್ದು ಸಾವಿನ ಏಟಲ್ಲ, ಹಬ್ಬದ ಏಟು. ಗೆದ್ದ ಎತ್ತುಗಳನ್ನು ಊರಿಗೆ ಕರೆತರುವಾಗ ಬಡಿಯುವ ಏಟು. ಎಲ್ಲರೂ ತಿರುಗಿ ನೋಡಿದರು. ಮಾದು ಗಾಬರಿಯಾಗಿ ಕೈ ತಡೆದ.

"ನಿಲ್ಲಿಸ್ಬ್ಯಾಡ ಕಣ್ಲಾ," ಎಂದಳು ದೊಡ್ಡಮಾದಮ್ಮ. ಮುಖವೆಲ್ಲ ನೀರು. "ನನ್ನ ಮಗ ಗೆದ್ದವ್ನೆ. ಒಡಿ."

ಮಾದು ಬಡಿದ. ಸುಬ್ಬಯ್ಯ ಕೆಸರಿನ ಕಂಬಳಿಯನ್ನು ಕೊಡವದೆ ಹಾಗೇ ಹೆಗಲಿಗೆ ಹಾಕಿಕೊಂಡು, ಎದುರು ನಿಂತವರಿಗೆ ಗದರಿದ: "ಜಾಗ ಬುಡ್ರಲಾ. ಪಿಕಪ್ಪು ಮುಂದೆ ಓಗ್ಲಿ."

* * *

ಹಗ್ಗ ಸುತ್ತಿ ಮುಗಿಸಿ, ಗಾಡಿ ತೊಳೆದು, ನೀರಿನ ಪೈಪು ಇಡಲು ಕೊಟ್ಟಿಗೆಗೆ ಹೋದ ಪದ್ಮಿನಿಯ ತಲೆಗೆ ತಣ್ಣನೆಯ ಕಬ್ಬಿಣ ತಾಗಿತು. ತೊಲೆಯಿಂದ ಚೈನ್ ಪುಲ್ಲಿ ಇನ್ನೂ ನೇತಾಡುತ್ತಿತ್ತು. ವಿಂಚನ್ನು ಎತ್ತಿ ಕೂರಿಸಲು ದೇವರಾಜು ಎರವಲು ತಂದದ್ದು, ಯಳಂದೂರಿನ ಶಿವಯ್ಯನಿಂದ. ಬಾವಿಗಳಿಂದ ಕೆಟ್ಟ ಮೋಟಾರುಗಳನ್ನು ಎತ್ತುವುದು ಶಿವಯ್ಯನ ಕಸುಬು.

ಅವಳು ಅದನ್ನು ಇಳಿಸಿ ಗಾಡಿಗೆ ಹಾಕಿದಳು.

"ಇವತ್ತೇ ಓಗ್ಬೇಕಾ?" ಎಂದಳು ದೊಡ್ಡಮಾದಮ್ಮ. "ಜನ ಏನಂದಾರು?" ಆಮೇಲೆ ತಾನೇ ಕೈಯಾಡಿಸಿದಳು. "ಅಂದ್ಕಳ್ಳಿ. ಕಾಪಿ ಕುಡ್ದು ಓಗು."

ಹನೂರು ದಾಟಿ, ಕೊಳ್ಳೇಗಾಲ ದಾಟಿ, ಯಳಂದೂರಿನ ಹೊರಗಿನ ತೋಟವೊಂದರಲ್ಲಿ ಶಿವಯ್ಯ ಸಿಕ್ಕಿದ. ಬಾವಿಯ ಮೇಲೆ ಮೂರು ಕಂಬ ನಿಲ್ಲಿಸಿ, ಕಟ್ಟೆಯ ಮೇಲೆ ಆಳುಗಳೊಂದಿಗೆ ಸುಮ್ಮನೆ ಕೂತಿದ್ದ. ಗಾಡಿ ಕಂಡವನೇ ಎದ್ದ. ಇಳಿದವಳನ್ನು ಕಂಡು ತಲೆಯ ಟವೆಲು ತೆಗೆದ.

"ನೀನ್ಯಾಕವ್ವ ತರಕ್ಕೋದೆ."

"ನಿಮ್ಮ ಕೆಲಸ ನಿಂತಿರುತ್ತೆ ಅಂತ."

"ನಿಂತದೆ. ಸಾವಿನ ಮನೆ ಬಾಗ್ಲಲ್ಲಿ ನಿಂತು ಸಾಮಾನು ಕೇಳದೆಂಗೆ?" ಅವನು ಚೈನನ್ನು ಇಳಿಸಿಕೊಂಡ. ಆದರೆ ಕಂಬಕ್ಕೆ ಕಟ್ಟಲು ಹೋಗಲಿಲ್ಲ. "ಆ ಗಂಧದ ಮಾತು ಮೊದ್ಲು ಆಡಿದ್ದೇ ನಾನು ಕಣವ್ವ. ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಲ್ಲಿ. 'ಚೈನು ಏನಕ್ಲಾ' ಅಂದ್ರೆ ನಿನ್ ಗಂಡ ಬಾಯೇ ಬುಡ್ನಿಲ್ಲ. 'ಗಂಧದ ದಿಮ್ಮಿ ಎತ್ತಕೇನೋ' ಅಂದೆ, ತಮಾಸೆಗೆ. ಅದು ಹನೂರು ದಾಟೋ ಒತ್ಗೆ ನಿಜ ಆಗೋಗದೆ."

"ಅವರಿಗೆ ಗೊತ್ತಿತ್ತಣ್ಣ. ನಿಮ್ಮ ಮಾತು ಹೇಳಿಕೊಂಡು ನಗ್ತಿದ್ದರು."

ಶಿವಯ್ಯ ಆಳುಗಳ ಕಡೆ ತಿರುಗಿದ. ದನಿ ಪಕ್ಕದ ತೋಟಕ್ಕೂ ಕೇಳಿಸುವಂತಿತ್ತು. "ಕೇಳಿಸ್ಕಂಡ್ರಾ? ದೇವರಾಜ ಇಟ್ಟಿದ್ದು ಗಾಡಿ ಎಳೆಯೋ ಮಿಸನ್ನು. ಗಂಧ ಅಂದೋನು ಈ ಶಿವಯ್ಯ. ಇನ್ನೊಂದು ಸಲ ಯಾವನಾದ್ರೂ ಅಂದ್ರೆ, ಬಾವಿಗಿಳಿಸಿ ಚೈನು ಬಿಚ್ಕಂಡು ಓಯ್ತೀನಿ."

ಆಳುಗಳು ನಕ್ಕರು. ಚೈನನ್ನು ಕಂಬದ ತಲೆಗೆ ಏರಿಸಿದರು. ಒಬ್ಬ ಬಾವಿಗಿಳಿದು, ನೀರಲ್ಲಿ ಮುಳುಗಿದ್ದ ಮೋಟಾರಿಗೆ ಕೊಕ್ಕೆ ಹಾಕಿ ಮೇಲೆ ಬಂದ. ಶಿವಯ್ಯ ಚೈನಿನ ಕುಣಿಕೆಯನ್ನು ಪದ್ಮಿನಿಯ ಕಡೆ ನೀಡಿದ.

"ಮೊದ್ಲು ನೀನೆಳಿ."

"ಅಣ್ಣ, ಆಯಮ್ಮ ಈಗಿನ್ನೂ ಗಂಡನ್ನ ಕಳ್ಕಂಡವ್ಳೆ, ಮೊದ್ಲ ಕೈ…" ಎಂದು ಆಳೊಬ್ಬ ಗೊಣಗಿದ. ಶಿವಯ್ಯ ಅವನತ್ತ ಒಂದು ನೋಟ ಬೀರಿದ.

ಅವಳು ಎಳೆದಳು. ಎರಡು ಕೈಯುದ್ದ ಎಳೆದರೆ ಕೆಳಗೆ ಬೆರಳಷ್ಟು ಏರಿಕೆ. ಕಟಕಟ, ಕಟಕಟ. ತೋಳು ಉರಿಯಿತು. ಅವಳು ಬಿಡಲಿಲ್ಲ, ಇತ್ತ ಕೊಡೆಂದು ಯಾರೂ ಕೇಳಲೂ ಇಲ್ಲ. ಬಾವಿಯ ಹಸಿರು ನೀರು ನಡುವಲ್ಲಿ ಉಬ್ಬಿತು, ಒಡೆಯಿತು. ಪಾಚಿ ಹೊದ್ದ ಮೋಟಾರು, ಮೈಯೆಲ್ಲ ನೀರು ಸುರಿಸುತ್ತ, ಮೆಲ್ಲಗೆ ತಿರುಗುತ್ತ, ಬಿಸಿಲಿಗೆ ಬಂತು.