ಆಪರೇಷನ್ನಿನ ಹಿಂದಿನ ದಿನ

ಎಲ್ಲಿಂದ ಶುರು ಮಾಡಲಿ? ಟೈಮ್‌ಕೀಪರ್ ತಮ್ಮ ಹಳೆಯ ಕಂಪ್ಯೂಟರನ್ನು ಮಗುವಿನ ಹಾಗೆ ಎತ್ತಿಕೊಂಡು ರಿಪೇರಿ ಅಂಗಡಿಗೆ ಬಂದರು ಎಂದು ಬರೆದೆ, ಹೊಡೆದುಹಾಕಿದೆ. ಮಗುವಿನ ಹಾಗಂತೆ, ಮಣ್ಣು. ಅದೊಂದು ತಗಡಿನ ಪೆಟ್ಟಿಗೆ. ಸೊಂಟ ಹಿಡಿದುಕೊಂಡು, ಬೈದುಕೊಂಡೇ ತಂದರು.

೧.
ಟೈಮ್‌ಕೀಪರ್ ಎಂದರೆ ಮಿಲ್ಲಿನಲ್ಲಿ ಹಾಜರಿ ನೋಡುತ್ತಿದ್ದು ನಿವೃತ್ತರಾದವರು. ಅವರ ಹೆಂಡತಿ ಬಸ್ ನಿಲ್ದಾಣದ ಮೈಕಿನಲ್ಲಿ ಪ್ರಕಟಣೆ ಹೇಳುತ್ತಿದ್ದವರು. ಗಂಟಲಿನ ಆಪರೇಷನ್ನಿಗೆ ಮುಂಚೆ ಮೂರು ದಿನ ಕೂತು ತಮ್ಮ ದನಿಯನ್ನು ಒಂದು ಸಾಫ್ಟ್‌ವೇರಿಗೆ ತುಂಬಿಸಿಟ್ಟರು. ಆಮೇಲೆ ದನಿ ಹೋಯಿತು. ಅವರು ಟೈಪ್ ಮಾಡಿದ್ದನ್ನು ಪೆಟ್ಟಿಗೆ ಅವರದೇ ದನಿಯಲ್ಲಿ ಹೇಳುತ್ತಿತ್ತು.

೨.
ಅದು ಮೂವತ್ತು ದಿನದ ಟ್ರಯಲ್ ಸಾಫ್ಟ್‌ವೇರ್. ಕೊಳ್ಳೋಣವೆಂದರೆ ಕಂಪನಿಯೇ ಬಾಗಿಲು ಹಾಕಿತ್ತು. ಅದಕ್ಕೇ ಟೈಮ್‌ಕೀಪರ್ ದಿನಾ ಬೆಳಿಗ್ಗೆ ಕಂಪ್ಯೂಟರಿನ ತಾರೀಕನ್ನು ಆಪರೇಷನ್ನಿನ ಹಿಂದಿನ ದಿನಕ್ಕೆ ತಿರುಗಿಸುತ್ತಿದ್ದರು. ಹದಿನಾಲ್ಕು ವರ್ಷ ಹೀಗೇ ನಡೆಯಿತು.

"ಈಗೇನಾಯ್ತು ಸಾರ್?" ರಿಪೇರಿಯವಳು ಕೇಳಿದಳು.

"ಕರಕರ ಸದ್ದು ಬರ್ತಿತ್ತಮ್ಮ. ಮೊದ್ಲು ಅಂಗಡಿ ನೋಡ್ತಿದ್ದ ನಿಮ್ಮಪ್ಪಂಗೆ ಎಲ್ಲಾ ಗೊತ್ತಿತ್ತು. ನೀನು ಸುಳ್ಳು ತಾರೀಕು ನೋಡಿ ಏನಂದ್ಕೊತೀಯೋ ಅಂತ, ಸರಿ ಮಾಡ್ಕೊಂಡು ತಂದೆ."

ಜೀವಮಾನವಿಡೀ ಬೇರೆಯವರ ತಡ ಬರೆದುಕೊಂಡ ಮನುಷ್ಯ, ಇನ್ನೇನು ಮಾಡಿಯಾರು? ನಿಜವಾದ ತಾರೀಕು ಕಂಡದ್ದೇ ಸಾಫ್ಟ್‌ವೇರ್ ಬೀಗ ಹಾಕಿಕೊಂಡಿತ್ತು. ಮತ್ತೆ ಹಿಂದಕ್ಕೆ ತಿರುಗಿಸಿದರೂ ತೆರೆಯಲಿಲ್ಲ.

೩.
ಅವಳ ಅಪ್ಪ ಅಂಗಡಿ ನೋಡುತ್ತಿದ್ದ ಕಾಲದಲ್ಲಿ ಆ ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ತೆಗೆದಿಟ್ಟ ನಕಲೊಂದು ಕಪಾಟಿನ ಡಿಸ್ಕಿನಲ್ಲಿತ್ತು. ಸಿಕ್ಕಿಸಿದರೆ ಅಂಗಡಿಯ ಹೊಸ ಕಂಪ್ಯೂಟರು, ಈ ಹಳೆಯ ಪದ್ಧತಿ ನನಗೆ ಓದಲು ಬಾರದು, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಬೇಡ ಮಾರಾಯ ಎಂದಳು. (ಇಲ್ಲಿ ಎರಡು ಪುಟ ತಾಂತ್ರಿಕ ವಿವರ ಬರೆದಿದ್ದೆ. ನೀವು ಆಕಳಿಸಿದ್ದು ಕಂಡು ತೆಗೆದೆ.) ಕೊನೆಗೆ ಹೊಸದರೊಳಗೆ ಒಂದು ಕಿಟಕಿ ತೆರೆದು, ಅದರೊಳಗೆ ಹಳೆಯ ಕಂಪ್ಯೂಟರನ್ನೇ ಕೂರಿಸಿ, ಹೊರಗಿನ ಗಡಿಯಾರ ಅದಕ್ಕೆ ಕಾಣದಂತೆ ಮಾಡಿದಳು. ನಾಲ್ಕು ದಿನ ಹಿಡಿಯಿತು.

೪.
ಮುಕ್ತಾಯ ಒಂದು: ದನಿ ಬರುತ್ತದೆ, ಟೈಮ್‌ಕೀಪರ್ ಅಳುತ್ತಾರೆ. (ಅಗ್ಗ.)

ಮುಕ್ತಾಯ ಎರಡು: ಬರುವುದಿಲ್ಲ, ಆಗಲೂ ಅಳುತ್ತಾರೆ. (ಇನ್ನೂ ಅಗ್ಗ.)

"ಅವರನ್ನ ಅಳಿಸೋದ್ರಲ್ಲೇ ಇದ್ದೀರಲ್ಲ," ರಿಪೇರಿಯವಳು ನನ್ನನ್ನೇ ಗದರಿದಳು. "ಆ ಅಮ್ಮಂಗೆ ಏನು ಬೇಕು ಅಂತ ಯೋಚ್ನೆ ಮಾಡಿದ್ರಾ?"

ಮಾಡಿರಲಿಲ್ಲ. ನಾಚಿಕೆಯಾಯಿತು.

ಐದನೇ ದಿನ ಟೈಮ್‌ಕೀಪರ್ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ಅವರ ಹೆಂಡತಿ ಮೊದಲೇ ಒಳಗೆ ಬಂದರು. ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದರು: "ಅದು ಮಾತಾಡುವಾಗ ಇವರು ಸ್ಪೀಕರ್ ನೋಡ್ತಾರೆ. ಈ ನಾಲ್ಕು ದಿನ ನಾನು ಬರೆದು ಮುಗಿಸೋವರೆಗೂ ನನ್ನ ಮುಖಾನೇ ನೋಡ್ತಾ ಕೂತಿದ್ರು."

ರಿಪೇರಿಯವಳು ಓದಿ ಬಿಲ್ ಪುಸ್ತಕ ಮುಚ್ಚಿಟ್ಟಳು. "ದನಿ ಬಂದಿದೆ ಅಮ್ಮ. ಬೇಡ ಅಂದ್ರೆ ಬೇಡ."

ಅವರು ಹೆಡ್‌ಫೋನ್ ಹಾಕಿಕೊಂಡು, ಏನನ್ನೋ ಟೈಪ್ ಮಾಡಿ, ಒಬ್ಬರೇ ಕೇಳಿಸಿಕೊಂಡರು. ಏನೆಂದು ನನಗೆ ಗೊತ್ತಿಲ್ಲ. ಬರೆಯುವವನಿಗೆ ಇಣುಕುವುದೇನು ಕಷ್ಟವಲ್ಲ, ಆದರೂ ಇಣುಕಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಕಣ್ಣೊರೆಸಿಕೊಂಡರು.

ಟೈಮ್‌ಕೀಪರ್ ಒಳಗೆ ಬಂದರು. "ಏನಾಯ್ತಮ್ಮ? ದನಿ ಬಂತಾ?"

ಮುಕ್ತಾಯ ಮೂರು ಇಲ್ಲಿ ಬರಬೇಕು. ಬರೆಯುವುದಿಲ್ಲ, ಏನು ಬೇಕಾದರೂ ಅಂದುಕೊಳ್ಳಿ.

"ಅವರನ್ನೇ ಕೇಳಿ ಸಾರ್," ಎಂದಳು ರಿಪೇರಿಯವಳು.